ಬಳಪದ ಕಲ್ಲಿನ ಗಾರೆಯವನು

ಪುರಭವನದ ಬಾಗಿಲ ಪಕ್ಕದ ಶಿಲ್ಪದ ಮೇಲಿಂದ ಪರದೆ ಸರಿದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ.

ಬಳಪದ ಕಲ್ಲಿನ ಗಾರೆಯವನು ಎಡಗೈಯಲ್ಲಿ ಕರಣೆ ಹಿಡಿದು ನಿಂತಿದ್ದ. ಆ ಎಡಗೈ, ಆ ಬಗ್ಗಿದ ಬೆನ್ನು ನನ್ನ ಗಂಡ ಟರಾಲ್ಡನವು. ಅವನು ಇದೇ ಪುರಭವನದ ಗೋಪುರ ಕಟ್ಟುತ್ತಿದ್ದಾಗ ಶಿಲ್ಪಿ ಕೆಳಗೆ ಕೂತು ಚಿತ್ರ ಬರೆದುಕೊಂಡಿದ್ದ. ಮುಖ ಬರೆಯುವ ಮೊದಲೇ ಟರಾಲ್ಡ್ ಮೇಲಿಂದ ಬಿದ್ದು ಸತ್ತ. ಅಟ್ಟಣಿಗೆಯ ಹಲಗೆಯ ಮೇಲೆ ಹಿಮ ಗಡ್ಡೆಕಟ್ಟಿದೆ, ಇವತ್ತು ಬೇಡ ಎಂದರೂ ಅವನನ್ನು ಬೈದು ಹತ್ತಿಸಿದವನು ಮೇಸ್ತ್ರಿ ಅಸ್ಲಾಕ್. ಈಗ ನನ್ನ ಗಂಡನ ಹೆಗಲ ಮೇಲೆ ಕೂತಿದ್ದದ್ದು ಅದೇ ಅಸ್ಲಾಕನ ಮುಖ! ಅದೇ ದಪ್ಪ ಮೂಗು, ಅದೇ ಸೀಳು ಗದ್ದ.

ಆ ಮಹಾನುಭಾವ ಹೊಸ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಹಲ್ಲು ಕಿರಿಯುತ್ತಿದ್ದ. ಥೂ! ನನಗೆ ಮೈಯೆಲ್ಲ ಉರಿಯಿತು.

"ಆ ಮುಖ ತೆಗೆಸ್ರಿ," ಎಂದೆ ಮೇಯರಿಗೆ.

"ಸುಮ್ನಿರಮ್ಮ ಬೊರ್ಗಿಲ್ಡ್. ಕಾಫಿ ಆರ್ತಾ ಇದೆ, ಒಳಗೆ ಬಾ."

"ಕಾಫಿ ಮನೆ ಹಾಳಾಯ್ತು. ಅದು ಯಾರ ಮುಖ, ಮೊದಲು ಅದನ್ನ ಹೇಳಿ."

"ಯಾರದೂ ಅಲ್ಲ. ಅದು ದುಡಿಮೆಯ ಮುಖ ಅಷ್ಟೆ. ಅಲ್ವೇನ್ರಯ್ಯಾ?"

ಶಿಲ್ಪ ಮಾಡಿಸಿದ ಸಮಿತಿಯವರೆಲ್ಲ ಗೋಣು ಆಡಿಸಿದರು. ಶಿಲ್ಪಿ ಮಾತ್ರ ನೆಲ ನೋಡುತ್ತಿದ್ದ.

"ಯಾರದೂ ಅಲ್ಲದ ಮುಖ ನನ್ನ ಗಂಡನಿಗ್ಯಾಕೆ?" ಎಂದೆ.

ನನ್ನ ಚೀಲದಲ್ಲಿ ಟರಾಲ್ಡನ ಸುತ್ತಿಗೆ ಇತ್ತು. ಪುರಭವನದ ಗಾಜಿನ ಕಪಾಟಿನಲ್ಲಿಡಲು ತಾ ಎಂದು ಈ ಪುಣ್ಯಾತ್ಮರೇ ಹೇಳಿಕಳಿಸಿದ್ದರು. ಬಳಪದ ಕಲ್ಲು ಮೆತ್ತಗೆ. ಮೊದಲ ಏಟಿಗೆ ಮೂಗು ಹೋಯಿತು, ಮುಂದಿನದಕ್ಕೆ ಗದ್ದ.

"ಹಿಡೀರೋ ಆ ಹೆಮ್ಮಾರೀನ! ನನ್ನ ಮುಖ ಒಡೆದ್ಲು, ನನ್ನ ಮುಖ!" ಎಂದು ಅಸ್ಲಾಕ್ ಕಿರುಚಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಿಂದಿನಿಂದ ಮೀನಿನಂಗಡಿಯ ಗುಡ್ನಿ ಕೂಗಿದಳು: "ಯಾರದೂ ಅಲ್ಲ ಅಂದ್ರಲ್ಲಾ, ಮೇಯರ್ ಸಾಹೇಬ್ರೇ?"

ಯಾರದೂ ಅಲ್ಲದ ಮುಖ ಒಡೆದದ್ದಕ್ಕೆ ದೂರು ಬರೆಯುವುದು ಹೇಗೆ? ಮೇಯರ್ ಆಡಿದ್ದನ್ನು ನುಂಗಲಾರದೆ ಒಳಗೆ ನಡೆದ.

ಮರುದಿನ ಶಿಲ್ಪಿ ನನ್ನ ಮನೆಗೆ ಬಂದ. "ಫೋಟೋ ಇದ್ರೆ ಕೊಡಿ, ಅವರದೇ ಮುಖ ಕೆತ್ತಿಬಿಡ್ತೀನಿ."

"ಬದುಕಿದ್ದಾಗ ಅವನ ಮುಖ ನೋಡಲಿಲ್ಲ, ಈಗೇನು ಕೆತ್ತೀಯ? ಹಾಗೇ ಬಿಡು," ಎಂದು ಬಾಗಿಲು ಹಾಕಿದೆ.

ಹಾಗೇ ಬಿಟ್ಟಿದ್ದಾರೆ. "ಟರಾಲ್ಡನ ಹತ್ರ ಕಾಯ್ತಿರು, ಬರ್ತೀನಿ," ಎನ್ನುತ್ತಾರೆ ಈಗ ಊರವರು. ಅಸ್ಲಾಕನಿಗೆ ಪುರಭವನದಲ್ಲಿ ಕೆಲಸವಿದ್ದರೆ ಹಿಂಬಾಗಿಲಿನಿಂದ ಹೋಗುತ್ತಾನೆ.