ಜನವರಿಗೆ ಸೀಟು ಸಿಕ್ಕ ಲಿಡಿಯಾ

೧

ಎಲ್ಲಿಂದ ಶುರುಮಾಡಲಿ? ಲಿಡಿಯಾ ಅವಿಲಾಗೆ ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು ಅಂತ ಬರೆದರೆ ಅರ್ಧ ಸುಳ್ಳು. ಸಿಗಲಿಲ್ಲ ಅಂತ ಬರೆದರೆ ಅವಳಮ್ಮ ಕಾನಿ ನನ್ನನ್ನು ಸುಮ್ಮನೆ ಬಿಡುವವಳಲ್ಲ. ಎಲ್ಲರಿಗೂ ಆಗಸ್ಟಿನಲ್ಲಿ ಕಾಲೇಜು ಶುರು. ಇವಳಿಗೆ ಮಾತ್ರ ‘ನೀನು ಜನವರಿಗೆ ಬಾ, ಅಲ್ಲಿಯವರೆಗೆ ಬೇರೆಲ್ಲಾದರೂ ಓದಿಕೊಂಡಿರು’ ಎಂದಿದ್ದರು. ಮದುವೆಗೆ ಕರೆದು, ಮೊದಲ ಪಂಕ್ತಿ ಏಳುವವರೆಗೆ ಹೊರಗೆ ಕೂತಿರಿ ಎಂದ ಹಾಗೆ. (ಈ ಹೋಲಿಕೆಯನ್ನು ಕಾನಿಗೆ ಹೇಳಬೇಡಿ.)

ಮೊದಲ ಕರಡು ‘ಎಲೆಗಳು ಉದುರುತ್ತಿದ್ದವು’ ಎಂದು ಶುರುವಾಗಿತ್ತು. ಹರಿದುಹಾಕಿದೆ. ನಮ್ಮ ಫ್ರೆಸ್ನೊದಲ್ಲಿ ಆಗಸ್ಟ್ ಎಂದರೆ ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಎಲೆಗಳಿಗೆ ಉದುರಲು ನವೆಂಬರಿನವರೆಗೆ ಪುರುಸೊತ್ತಿಲ್ಲ.

೨

ಚರ್ಚಿನಲ್ಲಿ ಪೂಜೆ ಮುಗಿದು ಊಟದ ಸಾಲು.

“ಮಗಳು ಎಲ್ಲಿ ಓದ್ತಿದಾಳೆ ಕಾನಿ?”

“ಯೂನಿವರ್ಸಿಟೀಲಿ.”

“ಮತ್ತೆ ಬುಧವಾರ ಇಲ್ಲೇ ಟ್ಯಾಕೊ ಅಂಗಡೀಲಿ ಕಂಡಳಲ್ಲ?”

“ಬಂದಿದ್ಲು. ಬಟ್ಟೆ ಒಗೆಯೋಕೆ.”

ಯೂನಿವರ್ಸಿಟಿಗೆ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಕೇಳಿದಾಕೆ ದೊಡ್ಡ ಮನಸ್ಸು ಮಾಡಿ ತಟ್ಟೆ ನೋಡಿಕೊಂಡಳು.

೩

ಲಿಡಿಯಾ ಸೇರಿದ್ದು ಊರಿನ ಎರಡು ವರ್ಷದ ಕಾಲೇಜಿಗೆ. ಅಲ್ಲಿ ಯಾರನ್ನೂ ಹಚ್ಚಿಕೊಳ್ಳಬಾರದು ಎಂಬುದು ಅವಳ ತೀರ್ಮಾನ. ಬಸ್ಸಿಗೆ ಕಾಯುವವರು ಸ್ಟಾಪಿನಲ್ಲಿ ನೆಂಟಸ್ತನ ಬೆಳೆಸುತ್ತಾರೆಯೇ? ಆದರೆ ಅವಳ ನಾಲಿಗೆಯ ಹರಿತ ನೋಡಿದ ಮೇಷ್ಟ್ರು ಅವಳನ್ನು ಚರ್ಚಾಸ್ಪರ್ಧೆಯ ತಂಡಕ್ಕೆ ಹಾಕಿದರು. ಇಬ್ಬಿಬ್ಬರ ಜೋಡಿ. ಇವಳಿಗೆ ಸಿಕ್ಕವಳು ಪಾಕೂ ಲೋರ್, ಆಗ್ನೇಯ ಏಷ್ಯಾದಿಂದ ಬಂದು ಇಲ್ಲಿ ನೆಲೆಸಿದ ಹ್ಮಾಂಗ್ ಜನರ ಹುಡುಗಿ. ಪಾಕೂ ವಿಷಯ ಹುಡುಕಿ ತರುವಳು, ಲಿಡಿಯಾ ಅದನ್ನೇ ಎತ್ತಿ ಎದುರಾಳಿಯ ತಲೆಗೆ ಕುಕ್ಕುವಳು. ಹೋದಲ್ಲೆಲ್ಲ ಗೆದ್ದರು.

ದೊಡ್ಡ ಸ್ಪರ್ಧೆ ಇರುವುದು ಮಾರ್ಚಿನಲ್ಲಿ. ಅಲ್ಲಿ ಗೆದ್ದ ಜೋಡಿಯನ್ನು ಪೂರ್ತಿ ಡಿಗ್ರಿ ಕೊಡುವ ನಾಲ್ಕು ವರ್ಷದ ಕಾಲೇಜುಗಳು ಫೀಸಿಲ್ಲದೆ ಸೇರಿಸಿಕೊಳ್ಳುತ್ತವೆ. ಪಾಕೂಗೆ ಇರುವ ದಾರಿ ಅದೊಂದೇ. ಇಲ್ಲವಾದರೆ ಚಿಕ್ಕಪ್ಪನ ಸ್ಟ್ರಾಬೆರಿ ಅಂಗಡಿ. ಸೆಪ್ಟೆಂಬರಿನಲ್ಲಿ ಕೋಲ್ಬಿ ಎಂಬ ಚುರುಕಿನ ಹುಡುಗ ಅವಳ ಹತ್ತಿರ ಬಂದು, “ವರ್ಷಪೂರ್ತಿ ನನ್ನ ಜೋಡಿ ಆಗ್ತೀಯಾ?” ಎಂದು ಕೇಳಿದ.

“ನಂಗೆ ಲಿಡಿಯಾ ಇದಾಳಲ್ಲ,” ಎಂದಳು ಪಾಕೂ.

ಲಿಡಿಯಾ ಪಕ್ಕದಲ್ಲೇ ನಿಂತು ಜ್ಯೂಸ್ ಹೀರುತ್ತಿದ್ದಳು. ಹೀರುತ್ತಲೇ ಇದ್ದಳು.

೪

ನಾನು ಲಿಡಿಯಾಳನ್ನು ಕಾಲೇಜಿನ ಕಾರಿಡಾರಿನಲ್ಲಿ ತಡೆದೆ.

“ಪಾಕೂಗೆ ಹೇಳಿಬಿಡು ತಾಯಿ, ಜನವರಿಗೆ ಹೋಗ್ತೀನಿ ಅಂತ.”

“ಮುಂದಿನ ವಾರ ಹೇಳ್ತೀನಿ.”

“ಹೋದ ವಾರಾನೂ ಇದನ್ನೇ ಹೇಳಿದ್ದೆ.”

“ಹೇಳಿದ್ರೆ ಅವಳು ನಂಜೊತೆ ಮಾತು ಬಿಡ್ತಾಳೆ. ಇಲ್ಲಿ ನಂಗೆ ಇರೋಳು ಅವಳೊಬ್ಬಳೇ.”

“ಯಾರನ್ನೂ ಹಚ್ಕೊಳ್ಳಲ್ಲ ಅಂದವಳು ನೀನೇ ತಾನೆ?”

“ಅದು ನೀವು ಬರ್ದಿದ್ದು.”

(ಇವಳಿಗೆ ಮಾತು ಕಲಿಸಿ ನಾನೇ ಕೆಟ್ಟೆ.)

೫

ಡಿಸೆಂಬರ್. ಪರೀಕ್ಷೆ ಮುಗಿದಿತ್ತು. ಕೋಲ್ಬಿಗೆ ಬೇರೆ ಜೋಡಿ ಸಿಕ್ಕಿ ಬಹಳ ದಿನವಾಗಿತ್ತು. ಕಾರ್ ಪಾರ್ಕಿಂಗಿನಲ್ಲಿ ಇಬ್ಬರೂ ಫ್ರೈಸ್ ತಿನ್ನುತ್ತ ನಿಂತಿದ್ದಾಗ ಲಿಡಿಯಾ ಬಾಯಿಬಿಟ್ಟಳು.

“ನಾನು ಜನವರಿಗೆ ಯೂನಿವರ್ಸಿಟಿಗೆ ಹೋಗ್ತಿದೀನಿ ಕಣೆ.”

“ಯಾವಾಗ ಗೊತ್ತಾಯ್ತು?”

ಇಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೆ. ‘ನಿನ್ನೆ’ ಅನ್ನುತ್ತಾಳೆ ಅಂದುಕೊಂಡಿದ್ದೆ.

“ಏಪ್ರಿಲ್‌ನಲ್ಲಿ.”

“ಅಂದ್ರೆ ನನ್ನ ಪರಿಚಯ ಆಗೋಕೂ ಮುಂಚೆ.”

“ಹೂಂ.”

“ಕೋಲ್ಬಿ ಕೇಳಿದಾಗ ನೀನು ಅಲ್ಲೇ ಇದ್ದೆ.”

“ಹೂಂ.”

ಎದುರಾಳಿಗಳ ನೀರಿಳಿಸಿದ ಹುಡುಗಿ ಫ್ರೈಸ್ ಪೊಟ್ಟಣದ ತಳ ಕೆದಕಿದಳು. ನನಗೆ ಅವಳ ಮೇಲೆ ಕನಿಕರವಾಯಿತು, ಸಿಟ್ಟೂ ಬಂತು. ಸಿಟ್ಟೇ ಸ್ವಲ್ಪ ಹೆಚ್ಚು.

೬

ಮುಕ್ತಾಯಗಳು. ಆರಿಸಿಕೊಳ್ಳಿ.

ಅ) ಲಿಡಿಯಾ ಸೀಟು ಬಿಟ್ಟು ಗೆಳತಿಗಾಗಿ ಇಲ್ಲೇ ಉಳಿಯುತ್ತಾಳೆ. (“ತಲೆ ಕೆಟ್ಟಿದೆಯಾ ನಿಮಗೆ? ಅಮ್ಮ ಎದೆ ಒಡ್ಕೊಂಡು ಸಾಯ್ತಾಳೆ,” ಎಂದಳು ಲಿಡಿಯಾ. ಹೊಡೆದುಹಾಕಿದೆ.)

ಆ) ಹೋಗುತ್ತಾಳೆ. ಅಲ್ಲಿ ಓದಲಾಗದೆ ಮನೆಗೆ ಹೊರಟುಹೋದ ಯಾರದೋ ಮಂಚ ಇವಳಿಗೆ ಸಿಗುತ್ತದೆ. ರೂಮಿನವಳು ಅಭ್ಯಾಸಬಲದಿಂದ ಇವಳನ್ನೂ ಆ ಹೋದವಳ ಹೆಸರಿನಿಂದಲೇ ಕರೆಯುತ್ತಾಳೆ. ಆಗಸ್ಟಿನಲ್ಲೇ ಗುಂಪು ಕಟ್ಟಿಕೊಂಡವರು ಊಟದ ಮೇಜಿನಲ್ಲಿ ಜಾಗ ಕೊಡುವುದಿಲ್ಲ. (ಬರೆಯುವಾಗ ನನಗೆ ಬಹಳ ಖುಷಿಯಾಯಿತು. ಅದಕ್ಕೇ ಅನುಮಾನ.)

ಇ) ಕೋಲ್ಬಿಯ ಜೋಡಿಗೆ ಜ್ವರ ಬಂದು ಮಾರ್ಚಿನಲ್ಲಿ ಪಾಕೂಗೆ ಅವಕಾಶ ಸಿಗುತ್ತದೆ, ಕಪ್ಪೂ ಸಿಗುತ್ತದೆ. (ಕಂಡವರ ಮಕ್ಕಳಿಗೆ ಜ್ವರ ಬರಿಸಿ ಕಥೆ ಮುಗಿಸುವಷ್ಟು ನಾನು ಕೆಟ್ಟಿಲ್ಲ. ಕೆಟ್ಟಿದ್ದೇನೆ, ಆದರೆ ಇಂಥ ಮುಕ್ತಾಯವನ್ನು ನೀವು ನಂಬುವುದಿಲ್ಲ.)

೭

ಆಗ ಕಾರ್ ಪಾರ್ಕಿಂಗಿನಲ್ಲೇ ನಿಂತಿದ್ದ ಪಾಕೂ ನನ್ನ ಕಡೆ ತಿರುಗಿದಳು.

“ರೀ, ಸ್ಟ್ರಾಬೆರಿ ಅಂಗಡಿ ಬಿಟ್ಟು ನನ್ನ ಬಗ್ಗೆ ಇನ್ನೇನಾದ್ರೂ ಬರ್ದಿದೀರಾ? ಮನೇಲಿ ಯಾರಿದಾರೆ, ನಂಗೇನು ಓದ್ಬೇಕು ಅಂತ ಆಸೆ?”

“ಇಲ್ಲಮ್ಮ. ಕಥೆ ಲಿಡಿಯಾಳದು ನೋಡು.”

“ಹಾಗಾದ್ರೆ ನೀವೂ ನನ್ನನ್ನ ಡಿಸೆಂಬರ್‌ವರೆಗೆ ಸಾಕು ಅಂತಲೇ ಇಟ್ಕೊಂಡಿದ್ದು.”

ಲಿಡಿಯಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಲ್ಲಿ ಒಬ್ಬರಾದರೂ ಕ್ಷಮಿಸು ಎನ್ನಬಹುದಿತ್ತು.

ಪಾಕೂ ಕಾರು ಹತ್ತಿದಳು. ‘ಒಮ್ಮೆ ತಿರುಗಿ ನೋಡಿದಳು’ ಎಂದು ಬರೆದೆ. ನೋಡಲಿಲ್ಲ. ಮುಂದಿನ ಸಾಲಿಗೆ ಹೆಸರು ಹಿಡಿದು ಕರೆದೆ, ಬರಲಿಲ್ಲ. ಮಾರ್ಚಿನಲ್ಲಿ ಅವಳಿಗೆ ಜೋಡಿ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿರುವವರು ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ.