ಹತ್ತು ದಿನದ ಹಸಿರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಟೆಸ್ಟಮ್ಮ ಅಂತಲೇ ಕರೆಯುತ್ತಿದ್ದರು. ಬೆನ್ನ ಹಿಂದೆಯೂ ಹಾಗೇ, ಎದುರಿಗೂ ಹಾಗೇ. ಇಷ್ಟು ಧಾರಾಳವಾಗಿ ಕರೆದ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಜಾಗ ಉಳಿಯುವುದಿಲ್ಲ ನೋಡಿ. ಅವಳು ಕೂರುವುದು ಎರಡನೇ ಮಹಡಿಯ ಮೂಲೆಯಲ್ಲಿ, ಜೆರಾಕ್ಸ್ ಮಿಷಿನ್ನಿಗೂ ಕಿಟಕಿಯಿಲ್ಲದ ಗೋಡೆಗೂ ನಡುವೆ. ಯಾರಾದರೂ ಜೆರಾಕ್ಸ್ ಮಾಡಲು ನಿಂತರೆ ಅವಳು ಎದ್ದು ಹೊರಗೆ ಬರುವ ಹಾಗಿಲ್ಲ, ಅವರು ಮುಗಿಸುವ ತನಕ ಕಾಯಬೇಕು.

ಅವಳ ಕೆಲಸ ಏನು ಅಂತ ಅವಳ ಅತ್ತೆಗೇ ಇವತ್ತಿನವರೆಗೆ ತಲೆಗೆ ಹೋಗಿಲ್ಲ, ಹಾಗಾಗಿ ಇಲ್ಲಿ ಬಿಡಿಸಿ ಹೇಳಿಬಿಡುವುದು ವಾಸಿ. ಆ ಕಂಪನಿ ಕಂಪ್ಯೂಟರಿನ ಚಿಪ್ ಮಾಡುತ್ತದೆ. ಚಿಪ್ ಒಂದು ಸಲ ತಯಾರಿಗೆ ಹೋಯಿತೆಂದರೆ ಮುಗಿಯಿತು, ಆಮೇಲೆ ತಿದ್ದುವಂತಿಲ್ಲ. ಅದಕ್ಕೇ ಚಿಪ್ ಹುಟ್ಟುವ ಮೊದಲೇ ಅದರ ವೇಷ ಹಾಕಿಕೊಂಡು ಅದರ ಹಾಗೇ ನಡೆದುಕೊಳ್ಳುವ ಒಂದು ಪ್ರೋಗ್ರಾಂ ಬರೆದಿಟ್ಟುಕೊಂಡಿರುತ್ತಾರೆ, ಅದು ಸಿಮ್ಯುಲೇಟರ್. ಮೂವತ್ತು ಜನ ಎಂಜಿನಿಯರುಗಳು ದಿನವಿಡೀ ಅದನ್ನು ಅಲ್ಲಿ ಬಿಚ್ಚಿ ಇಲ್ಲಿ ಹೊಲಿದು ಮಾಡುತ್ತಿರುತ್ತಾರೆ. ಒಬ್ಬ ಕೈ ಹಾಕಿದರೆ ಇನ್ನೊಬ್ಬನದು ಕೆಡುತ್ತದೆ. ಕೆಟ್ಟಿತೋ ಇಲ್ಲವೋ ನೋಡಲು ನಾನೂರ ಹನ್ನೆರಡು ಟೆಸ್ಟುಗಳಿವೆ. ಪ್ರತಿ ಟೆಸ್ಟೂ ಸಿಮ್ಯುಲೇಟರಿನ ಮೇಲೆ ಒಂದು ಚಿಕ್ಕ ಲೆಕ್ಕ ಓಡಿಸಿ, ಬಂದ ಉತ್ತರವನ್ನು ಮೊದಲೇ ಬರೆದಿಟ್ಟ ಸರಿಯುತ್ತರದ ಫೈಲಿನ ಜೊತೆ ತಾಳೆ ನೋಡುತ್ತದೆ. ತಾಳೆಯಾದರೆ ಪರದೆಯ ಮೇಲೆ ಹಸಿರು, ಇಲ್ಲದಿದ್ದರೆ ಕೆಂಪು. ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ತಾವಾಗಿಯೇ ಓಡುತ್ತವೆ. ಅವನ್ನು ಸಾಕಿ ಸಲಹುವುದು ಅವಳ ಪಾಲಿನ ಕೆಲಸ. ಟೆಸ್ಟು ಕೆಂಪಾದರೆ ಕೆಡಿಸಿದವನನ್ನು ಯಾರೂ ಕೇಳುವುದಿಲ್ಲ, ಅವಳನ್ನು ಕೇಳುತ್ತಾರೆ. ಹಸಿರಾದರೆ ಯಾರನ್ನೂ ಕೇಳುವುದಿಲ್ಲ.

ಏಳು ತಿಂಗಳ ಹಿಂದೆ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ತಾಯಿಯನ್ನೂ ಏಳು ವರ್ಷದ ಮಗಳನ್ನೂ ಕರೆದುಕೊಂಡು ಅವನು ಮುಂದೆ ಹೋದ. ಆ ಊರಲ್ಲೂ ಇದೇ ಕಂಪನಿಯ ಆಫೀಸು ಇತ್ತು. "ಒಂದು ತಿಂಗಳು ಅಷ್ಟೇ, ವರ್ಗ ಮಾಡಿಸ್ಕೊಂಡು ಬಂದ್ಬಿಡ್ತೀನಿ," ಅಂತ ಅವಳು ಮನೆ ಖಾಲಿ ಮಾಡಿ, ಆಫೀಸಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಒಂದು ಮಂಚ, ಒಂದು ಸ್ಟೌ, ಬಾಗಿಲ ಹಿಂದೆ ಬಟ್ಟೆ ನೇತುಹಾಕಲು ಎರಡು ಮೊಳೆ. ಒಂದು ತಿಂಗಳಿಗೆ ಇಷ್ಟು ಧಾರಾಳವಾಗಿ ಸಾಕಿತ್ತು.

ವಿಭಾಗದ ಮುಖ್ಯಸ್ಥರಿಗೆ ಎಲ್ಲರೂ ಇಟ್ಟ ಹೆಸರು ಹಸಿರು ಸಾಹೇಬರು. ಅವರು ಕೆಟ್ಟವರಲ್ಲ. ಪರದೆಯ ಮೇಲೆ ಹಸಿರು ಕಂಡರೆ ಮಿಕ್ಕಿದ್ದನ್ನು ಕೆದಕುವವರಲ್ಲ, ಅಷ್ಟೇ. "ನಿಮ್ಮನ್ನ ಹಿಡಿದಿಟ್ಕೊಂಡು ನನಗೇನಮ್ಮ ಆಗಬೇಕು?" ಅಂದರು. "ಹತ್ತು ದಿನ ಒಂದೇ ಸಮ ನಾನೂರ ಹನ್ನೆರಡೂ ಹಸಿರಿರಲಿ. ಇನ್ನೊಬ್ಬರಿಗೆ ಕಲಿಸಿಕೊಡಿ. ಅವತ್ತೇ ಸಹಿ ಹಾಕ್ತೀನಿ."

ಹತ್ತು ದಿನ ಅಂದರೆ ಏನು ಮಹಾ ಅನ್ನಿಸುತ್ತದೆ. ನಾಲ್ಕನೇ ದಿನ ಯಾವನೋ ಏನನ್ನೋ ಬದಲಿಸಿ ಸಿಮ್ಯುಲೇಟರು ಅರ್ಧದಲ್ಲೇ ಕುಸಿದು ಬೀಳುತ್ತದೆ, ನಲವತ್ತು ಟೆಸ್ಟು ಕೆಂಪು, ಎಣಿಕೆ ಮತ್ತೆ ಸೊನ್ನೆಯಿಂದ. ಒಮ್ಮೆ ಒಂಬತ್ತನೇ ದಿನ ಮಧ್ಯಾಹ್ನ ಹಾಗಾಯಿತು. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದಳು. ಹದಿನೈದು ದಿನಕ್ಕೊಮ್ಮೆ ಶನಿವಾರ ಬೆಳಿಗ್ಗೆ ಆ ಊರು ತಲುಪುವುದು, ಭಾನುವಾರ ಸಂಜೆ ವಾಪಸ್ ಹೊರಡುವುದು. ಅತ್ತೆ ಫೋನಿನಲ್ಲಿ ಕೇಳುತ್ತಿದ್ದರು: "ಏಳು ತಿಂಗಳಾಯ್ತು, ನಿನ್ನ ಮಿಷಿನ್ನಿಗೆ ಇನ್ನೂ ವಾಸಿಯಾಗ್ಲಿಲ್ವೇನೇ? ಯಾರಾದ್ರೂ ಒಳ್ಳೆ ಡಾಕ್ಟ್ರಿಗೆ ತೋರಿಸಬಾರದಾ?"

ಈ ಸಲ ಎಣಿಕೆ ಒಂಬತ್ತಕ್ಕೆ ಬಂದಿತ್ತು. ಗುರುವಾರ. ನಾಳೆ ಶುಕ್ರವಾರ ಮೂರರ ಓಟ ಹಸಿರಾದರೆ ಹತ್ತು.

ಕಲಿಸಿಕೊಡಲು ಸಿಕ್ಕಿದವರು ಮೇಷ್ಟ್ರು. ನಿಜವಾಗಿಯೂ ಮೇಷ್ಟ್ರೇ. ಇಪ್ಪತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು. ಗಂಟಲು ಕೆಟ್ಟು, ಇನ್ನು ಕ್ಲಾಸಿನಲ್ಲಿ ಕೂಗಿದರೆ ಇರುವ ದನಿಯೂ ಹೋಗುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ, ಐವತ್ತೆರಡನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿತು ಇಲ್ಲಿಗೆ ಬಂದಿದ್ದರು. ಮೂರು ತಿಂಗಳು ನೋಡೋಣ, ಸರಿಹೋದರೆ ಇಟ್ಟುಕೊಳ್ಳೋಣ ಅನ್ನುವ ಕರಾರು. ಎರಡು ವಾರದಿಂದ ಅವಳ ಪಕ್ಕ ಕುರ್ಚಿ ಹಾಕಿಕೊಂಡು ಒಂದೊಂದು ಟೆಸ್ಟನ್ನೂ ಪಾಠದ ಹಾಗೆ ಓದುತ್ತಿದ್ದರು.

ಮೂರರ ಓಟ ಹಸಿರಾಗಿ ಮುಗಿದ ಮೇಲೆ ಅವರು ಪಿಸುದನಿಯಲ್ಲಿ ಕೇಳಿದರು: "ಮೇಡಂ, ಇವು ಯಾವಾಗ ಫೇಲಾಗ್ತವೆ?"

"ತಪ್ಪಿದ್ದಾಗ ಮೇಷ್ಟ್ರೇ. ಇನ್ಯಾವಾಗ?"

"ಅಲ್ಲ, ನಾನು ಪರೀಕ್ಷೆ ಪೇಪರ್ ಮಾಡಿದಾಗೆಲ್ಲ ಮೊದಲು ನಾನೇ ಬೇಕಂತ ತಪ್ಪು ಉತ್ತರ ಬರೆದು ತಿದ್ದಿ ನೋಡ್ತಿದ್ದೆ. ತಪ್ಪು ಸಿಕ್ಕಿಬೀಳುತ್ತೋ ಇಲ್ವೋ ಗೊತ್ತಾಗ್ಬೇಕಲ್ಲ. ಹಂಗೇ ಇವತ್ತು ನನ್ನ ಕಂಪ್ಯೂಟರಿನಲ್ಲಿರೋ ಸಿಮ್ಯುಲೇಟರಿನ ಕಾಪಿಯಲ್ಲಿ ಗುಣಾಕಾರ ಕೆಡಿಸಿಟ್ಟೆ. ಮೂರು ನಾಲ್ಕಲ ಹದಿಮೂರು ಬರೋ ಹಂಗೆ. ಓಡಿಸಿದ್ರೆ ನಾನೂರ ಹನ್ನೆರಡೂ ಪಾಸು."

ಅವಳು ನಕ್ಕಳು. ಹೊಸಬರು, ಏನೋ ಎಡವಟ್ಟು ಮಾಡಿಕೊಂಡಿರುತ್ತಾರೆ ಅಂದುಕೊಂಡು ತಾನೇ ಗುಣಾಕಾರ ಕೆಡಿಸಿ ಓಡಿಸಿದಳು. ಹಸಿರು. ಸಂಕಲನವನ್ನೂ ಕೆಡಿಸಿದಳು. ಹಸಿರು. ಆಮೇಲೆ ಸರಿಯುತ್ತರದ ಫೈಲುಗಳಿರುವ ಫೋಲ್ಡರು ತೆರೆದಳು. ತಿಂಗಳುಗಟ್ಟಲೆ ಹಳೆಯ ತಾರೀಖು ಇರಬೇಕಾದ ಫೈಲುಗಳಿಗೆಲ್ಲ ಈಗಿನ ತಾರೀಖು, ಈಗಿನ ಗಂಟೆ, ಈಗಿನ ನಿಮಿಷ.

ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಪ್ಪು ಇದ್ದದ್ದು ಟೆಸ್ಟು ಓಡಿಸುವ ಪ್ರೋಗ್ರಾಮಿನ ಎರಡು ಸಾಲಿನಲ್ಲಿ, ಎರಡೂ ಅವಳೇ ಬರೆದದ್ದು. ಮೂರು ವರ್ಷದ ಹಿಂದೆ, ಹೊಸ ಟೆಸ್ಟು ಸೇರಿಸಲು ಸುಲಭವಾಗಲಿ ಅಂತ ಒಂದು ಸಾಲು ಹಾಕಿದ್ದಳು: ಸರಿಯುತ್ತರದ ಫೈಲು ಇಲ್ಲದಿದ್ದರೆ, ಇವತ್ತು ಬಂದ ಉತ್ತರವನ್ನೇ ಸರಿಯುತ್ತರ ಅಂತ ಬರೆದಿಟ್ಟುಕೊಂಡು ಪಾಸು ಮಾಡು. ಏಳು ತಿಂಗಳ ಹಿಂದೆ ಟೆಸ್ಟುಗಳನ್ನು ಹೊಸ ಮಿಷಿನ್ನಿಗೆ ಸಾಗಿಸುವಾಗ ಇನ್ನೊಂದು ಸಾಲು: ಓಡುವ ಮೊದಲು ಹಳೆಯದನ್ನೆಲ್ಲ ಅಳಿಸು. ಅದು ಕಸದ ಜೊತೆ ಸರಿಯುತ್ತರಗಳನ್ನೂ ಗುಡಿಸಿ ಹಾಕಿತ್ತು. ಅವತ್ತೇ ಮನೆಯ ಸಾಮಾನು ಲಾರಿಗೆ ಏರಿತ್ತು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಕೀಬೋರ್ಡು, ಆ ಕಡೆ ಮಗಳು ಅಳುತ್ತಿದ್ದಳು. ಅದಾದ ಮೇಲೆ ಕೆಂಪಾಗಿದ್ದೆಲ್ಲ ಸಿಮ್ಯುಲೇಟರು ಕುಸಿದು ಬಿದ್ದ ಟೆಸ್ಟುಗಳು ಮಾತ್ರ. ಕೆಂಪು ಕಾಣುತ್ತಿದ್ದುದರಿಂದ ಟೆಸ್ಟು ಬದುಕಿದೆ ಅಂತಲೇ ಎಲ್ಲರೂ ನಂಬಿದ್ದರು, ಅವಳೂ ನಂಬಿದ್ದಳು.

ಮೇಷ್ಟ್ರು ಮೆಲ್ಲಗೆ ಅಂದರು: "ಅಂದ್ರೆ ಹುಡುಗ ಬರೆದದ್ದನ್ನೇ ಮಾದರಿ ಉತ್ತರ ಅಂತ ಇಟ್ಕೊಂಡು, ಅದಕ್ಕೇ ತಾಳೆ ನೋಡಿ, ನೂರಕ್ಕೆ ನೂರು ಕೊಡ್ತಿದೀವಿ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಳೇ ಸರಿಯುತ್ತರಗಳು ಬ್ಯಾಕಪ್ಪಿನಲ್ಲಿ ಸಿಗುತ್ತವೆ, ನಿಜ. ಆದರೆ ಏಳು ತಿಂಗಳಲ್ಲಿ ಸಿಮ್ಯುಲೇಟರು ಎಷ್ಟೋ ಬದಲಾಗಿದೆ. ಉತ್ತರ ಬೇರೆ ಬಂದರೆ ಅದು ಬೇಕಂತ ಮಾಡಿದ ಬದಲಾವಣೆಯೋ, ನುಸುಳಿದ ತಪ್ಪೋ ಅಂತ ಒಂದೊಂದನ್ನೂ ಕೂತು ಬಿಡಿಸಬೇಕು. ಯಾವ ಟೆಸ್ಟಿನಲ್ಲಿ ಯಾವ ಉತ್ತರ ಯಾಕೆ ಬರಬೇಕು ಅನ್ನುವುದು ಗೊತ್ತಿದ್ದದ್ದು ಇಡೀ ಕಟ್ಟಡದಲ್ಲಿ ಅವಳೊಬ್ಬಳಿಗೆ. ನಾಲ್ಕು ತಿಂಗಳಿನ ಕೆಲಸ, ಕಡಿಮೆ ಅಂದರೆ.

ಮೇಷ್ಟ್ರು ಸುತ್ತ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡರು. "ನಾನು ಇವತ್ತು ಏನೂ ನೋಡಲಿಲ್ಲ ಅಂತ ಇಟ್ಕೊಳ್ಳಿ. ಸೋಮವಾರ ಕಣ್ಣಿಗೆ ಬಿತ್ತು ಅಂತೀನಿ. ಅಷ್ಟರಲ್ಲಿ ನೀವು ಮಗಳ ಹತ್ತಿರ ಇರ್ತೀರಿ."

"ನಿಮ್ಮ ಗತಿ?"

"ನನ್ನದು ನಾನು ನೋಡ್ಕೋತೀನಿ," ಅಂದು ಅವರು ತಮ್ಮ ಪರದೆಯ ಕಡೆ ತಿರುಗಿದರು.

ಅವಳಿಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ಅಪ್ಪಟ ಸಂತೋಷವೇ ಆಯಿತು. ಆರು ಗಂಟೆಗೆ ಮಗಳು ಗುಬ್ಬಿ ಫೋನು ಮಾಡಿದಾಗ ಅವಳು ಕೋಣೆಯ ಮಂಚದ ಮೇಲೆ ಕೂತಿದ್ದಳು.

"ಅಮ್ಮಾ, ಈ ಸಲ ಬಂದ್ರೆ ವಾಪಸ್ ಹೋಗಲ್ಲ ತಾನೆ?"

"ಹೋಗಲ್ಲ ಕಣೇ."

"ಅಪ್ಪನೂ ಹಂಗೇ ಅಂದ್ರು. ಆದ್ರೂ ನಿನ್ನೇ ಕೇಳೋಣ ಅಂತ."

ಫೋನಿಟ್ಟ ಮೇಲೆ ಆ ಸಂತೋಷ ನಿಲ್ಲಲಿಲ್ಲ. ಮೇಷ್ಟ್ರ ಬಗ್ಗೆ ಯೋಚಿಸಬಾರದು ಅಂತ ಅವಳು ಸ್ಟೌ ಉಜ್ಜಿದಳು, ಬಟ್ಟೆ ಮಡಿಸಿದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆ ಕೋಣೆಯಲ್ಲಿ ಮಾಡಲು ಅದಕ್ಕಿಂತ ಹೆಚ್ಚು ಕೆಲಸವೂ ಇರಲಿಲ್ಲ.

ಶುಕ್ರವಾರ ಮೂರೂವರೆಗೆ ಪರದೆ ಪೂರ್ತಿ ಹಸಿರಾಯಿತು. ಹಸಿರು ಸಾಹೇಬರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿ ಕೂರಿಸಿದರು. ವರ್ಗದ ಕಾಗದ ಮೇಜಿನ ಮೇಲೆ ಸಿದ್ಧವಾಗಿತ್ತು. ಅದರಲ್ಲಿ ಆ ಊರಿನ ವಿಳಾಸವೂ ಅಚ್ಚಾಗಿತ್ತು. ಅವಳ ಕಣ್ಣು ಅಲ್ಲೇ ನೆಟ್ಟಿತು.

"ಮೇಷ್ಟ್ರೇ," ಅಂದರು ಸಾಹೇಬರು, ಪೆನ್ನಿನ ಕ್ಯಾಪು ತೆಗೆಯುತ್ತ, "ಚಿನ್ನದಂಥ ಟೆಸ್ಟುಗಳನ್ನ ನಿಮ್ಮ ಕೈಗೆ ಕೊಟ್ಟು ಹೋಗ್ತಿದಾರೆ. ಇನ್ಮೇಲೆ ಕೆಂಪಾದ್ರೆ ಅದು ನಿಮ್ಮ ತಲೆಗೆ. ನಿಮ್ಮ ಮೂರು ತಿಂಗಳು ನೆನಪಿರಲಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಮೇಷ್ಟ್ರು ತಲೆಯಾಡಿಸಿದರು. ಅಷ್ಟೇ, ತಲೆಯಾಡಿಸಿದರು, ಮುಖದಲ್ಲಿ ಗಾಬರಿಯೂ ಇಲ್ಲ, ಮುನಿಸೂ ಇಲ್ಲ. ಸೋಮವಾರ ತನಗೇನು ಕಾದಿದೆ ಅಂತ ಈ ಮನುಷ್ಯ ನಿನ್ನೆಯೇ ಪೂರ್ತಿ ಯೋಚಿಸಿ, ಒಪ್ಪಿಕೊಂಡು ಬಂದಿದ್ದಾನೆ ಅಂತ ಅವಳಿಗೆ ಆಗ ತಿಳಿಯಿತು. ಅವಳಿಗೆ ಮೈಯೆಲ್ಲ ಉರಿಯಿತು. ಅವರ ಮೇಲೂ ಉರಿಯಿತು, ತನ್ನ ಮೇಲೂ ಉರಿಯಿತು.

"ಸಹಿ ಹಾಕಬೇಡಿ ಸರ್," ಅಂದಳು.

ಮೇಷ್ಟ್ರು ಮೇಜಿನ ಕೆಳಗಿಂದ ಕೈಸನ್ನೆ ಮಾಡಿದರು. ಅವಳು ನೋಡಲಿಲ್ಲ. ಎರಡು ಸಾಲಿನ ಕಥೆಯನ್ನೂ ಹೇಳಿದಳು. ಎರಡೂ ತನ್ನದೇ ಅಂದಳು. ಸಾಹೇಬರ ಪೆನ್ನು ಕಾಗದಕ್ಕೆ ಒಂದು ಬೆರಳಿನಷ್ಟು ಮೇಲೆ ನಿಂತೇ ಇತ್ತು.

"ಅದಕ್ಕೇನೀಗ?" ಅಂದರು ಕೊನೆಗೆ. "ಇವತ್ತು ಬಂದ ಉತ್ತರಗಳನ್ನೇ ಸರಿಯುತ್ತರ ಅಂತ ಗಟ್ಟಿ ಮಾಡಿಬಿಡಿ. ಹತ್ತು ನಿಮಿಷದ ಕೆಲಸ. ಮುಂಚೆಯೆಲ್ಲ ಮಾಡ್ತಿದ್ವಲ್ಲ."

ಮಾಡುತ್ತಿದ್ದರು, ಅದೂ ನಿಜವೇ. ಸಿಮ್ಯುಲೇಟರನ್ನು ಬೇಕಂತಲೇ ಬದಲಿಸಿದಾಗ ಹೊಸ ಉತ್ತರವನ್ನು ಸರಿ ಅಂತ ಒಪ್ಪಿಕೊಂಡು ಬರೆದಿಡುವುದು ಅಲ್ಲಿಯ ಪದ್ಧತಿ. ಹತ್ತು ನಿಮಿಷ. ಆ ಮೇಲೆ ಮೇಷ್ಟ್ರ ಟೆಸ್ಟುಗಳೂ ಹಸಿರು, ಅವಳ ರೈಲೂ ಹಸಿರು. ಅವಳು ಒಂದು ಕ್ಷಣ ಅದನ್ನು ನಿಜವಾಗಿಯೂ ಬಯಸಿದಳು.

"ಏಳು ತಿಂಗಳಲ್ಲಿ ಏನೇನು ತಪ್ಪು ನುಸುಳಿದೆಯೋ, ಅದೆಲ್ಲ ಇವತ್ತಿಂದ ಸರಿಯುತ್ತರ ಆಗುತ್ತೆ ಸರ್. ಆಮೇಲೆ ಅದನ್ನ ಯಾರೂ ಹುಡುಕಲ್ಲ. ಚಿಪ್ ಹಾಗೇ ತಯಾರಾಗುತ್ತೆ."

ಸಾಹೇಬರು ಪೆನ್ನಿನ ಕ್ಯಾಪು ಹಾಕಿದರು. ಬೈಯುತ್ತಾರೆ ಅಂತ ಅವಳು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಎಷ್ಟು ದಿನ ಬೇಕು?" ಅಂತ ಮಾತ್ರ ಕೇಳಿದರು.

"ನಾಲ್ಕು ತಿಂಗಳು."

"ಮೇಷ್ಟ್ರು ಮಾಡಬಹುದಾ?"

"ಇಲ್ಲ ಸರ್. ನಾನೇ ಆಗಬೇಕು. ಅದೂ ಇಲ್ಲೇ ಕೂತು, ಬದಲಿಸಿದ ಒಬ್ಬೊಬ್ಬರನ್ನೂ ಕೇಳ್ಕೊಂಡು."

ಅವರು ಕಾಗದವನ್ನು ಹರಿಯಲಿಲ್ಲ, ಮಡಿಸಲೂ ಇಲ್ಲ. ಡ್ರಾಯರು ತೆರೆದು ಒಳಗಿಟ್ಟು, ಮುಚ್ಚಿದರು.

ಹೊರಗೆ ಬಂದ ಮೇಲೆ ಮೇಷ್ಟ್ರು ಅವಳ ಮೇಲೆ ಹರಿಹಾಯ್ದರು. ದನಿ ಏಳದೆ ಬರೀ ಗಾಳಿಯೇ ಬಂತು. "ನಿಮಗೆ ಬುದ್ಧಿ ಇದೆಯೇನ್ರಿ? ಕೈಗೆ ಬಂದದ್ದನ್ನ! ನನಗೆ ಇನ್ನೊಂದು ಕೆಲಸ ಸಿಗ್ತಿತ್ತು."

"ಸಿಗ್ತಿರಲಿಲ್ಲ ಮೇಷ್ಟ್ರೇ."

ಅವಳು ತನ್ನ ಮೂಲೆಗೆ ಹೋಗಿ ಬ್ಯಾಕಪ್ಪಿನಿಂದ ಹಳೇ ಸರಿಯುತ್ತರಗಳನ್ನು ತರಿಸಿ, ಆ ಎರಡು ಸಾಲು ತೆಗೆದು, ಓಡಿಸಿದಳು. ಇನ್ನೂರ ತೊಂಬತ್ತೊಂದು ಕೆಂಪು. ಅದನ್ನು ನೋಡುತ್ತ ಕೂತಿದ್ದಾಗ ಯಾರೋ ಬಂದು ಜೆರಾಕ್ಸ್ ಮಾಡತೊಡಗಿದರು. ದೊಡ್ಡ ಕಟ್ಟು. ಅವಳು ಅವರು ಮುಗಿಸುವವರೆಗೆ ಕಾದು, ಆಮೇಲೆ ಎದ್ದಳು.

ಮನೆಗೆ ಫೋನು ಮಾಡಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. ತೆಗೆಸಿಟ್ಟ ಟಿಕೆಟ್ ಇತ್ತು, ಅದರಲ್ಲೇ ಹೊರಟಳು. ಎದುರೆದುರೇ ಹೇಳೋಣ, ಅಪ್ಪಿಕೊಂಡು ಹೇಳೋಣ, ತಿಂಡಿ ತಿಂದ ಮೇಲೆ ಹೇಳೋಣ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ನಾಲ್ಕು ತಿಂಗಳು ಅನ್ನುವುದನ್ನು ಹದಿನಾರು ವಾರ ಅಂದರೆ ಚಿಕ್ಕದಾಗಿ ಕೇಳಿಸುತ್ತದೋ, ದೊಡ್ಡದಾಗಿ ಕೇಳಿಸುತ್ತದೋ ಅಂತಲೂ ಯೋಚಿಸಿದಳು.

ಶನಿವಾರ ಬೆಳಿಗ್ಗೆ ಪ್ಲಾಟ್‌ಫಾರಂ ಮೇಲೆ ಗಂಡ ಸಾಮಾನು ಹೊರುವ ಇಬ್ಬರನ್ನು ಮಾತಾಡಿಸಿಕೊಂಡು ನಿಂತಿದ್ದ. ಅವಳು ಹೆಗಲಿಗೆ ಒಂದೇ ಒಂದು ಬ್ಯಾಗು ಹಾಕಿಕೊಂಡು ಇಳಿದಳು. ಗಂಡ ಬೋಗಿಯ ಬಾಗಿಲೊಳಗೆ ಬಗ್ಗಿ ನೋಡಿ, "ಮಿಕ್ಕ ಸಾಮಾನು?" ಅಂದ.

ಗುಬ್ಬಿ ಓಡಿ ಬಂದವಳು ಎರಡು ಹೆಜ್ಜೆ ದೂರದಲ್ಲಿ ನಿಂತಳು. ಅಮ್ಮನ ಮುಖ ನೋಡಲಿಲ್ಲ, ಬ್ಯಾಗು ನೋಡಿದಳು. ಆಮೇಲೆ ಹತ್ತಿರ ಬಂದು ಅದನ್ನು ಅಮ್ಮನ ಹೆಗಲಿಂದ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡಳು.

"ಭಾನುವಾರ ಎಷ್ಟು ಗಂಟೆಗೆ ಟ್ರೈನು?" ಅಂತ ಕೇಳಿದಳು.

"ಐದೂವರೆಗೆ," ಅಂದಳು ಅವಳು.

ಗುಬ್ಬಿ ಬೆರಳು ಮಡಿಸಿ ಎಣಿಸಿದಳು. "ಹೋದ ಸಲಕ್ಕಿಂತ ಒಂದು ಗಂಟೆ ಜಾಸ್ತಿ ಇದೆಯಮ್ಮ," ಅಂದಳು, ಅಮ್ಮನಿಗೆ ಸಮಾಧಾನ ಮಾಡುವವಳ ಹಾಗೆ.