ಕರು ಕಟ್ಟುವ ಗಂಟು

ಟಕ್, ಮತ್ತೆ ಟಕ್ — ಗೋಡೆಗೆ ಅಂಟಿಕೊಂಡ ಹೀಟರು ಕಾಯುತ್ತಾ ಸದ್ದು ಮಾಡುತ್ತಿದೆ, ಎದುರಿನ ಗೂಟಗಳಲ್ಲಿ ಮಕ್ಕಳ ಮಳೆಕೋಟುಗಳು ತೂಗುತ್ತಿವೆ, ಹಳದಿ, ಕೆಂಪು, ಮತ್ತೆ ಹಳದಿ, ಕೊನೆಯದು ಹಸಿರು, ಓರ್ಲಾಳದು, ಅದರ ತೋಳಿನಿಂದ ನೀರು ಒಂದೊಂದೇ ಹನಿಯಾಗಿ ನೆಲಕ್ಕೆ ಬೀಳುತ್ತಿದೆ, ಆ ಹಸಿರನ್ನು ನೋಡಬಾರದೆಂದು ಪವಿತ್ರ ಹೀಟರನ್ನು ನೋಡುತ್ತಾಳೆ, ಆದರೆ ಹೀಟರನ್ನು ಎಷ್ಟು ಹೊತ್ತು ಅಂತ ನೋಡುವುದು. ಹತ್ತು ಗಂಟೆಗೆ ನನ್ನ ಕೋಣೆಗೆ ಬಾ, ಮಾತಾಡೋಣ, ಎಂದಿದ್ದಾರೆ ಬ್ರಿಜಿಡ್ ಮೇಡಂ, ಶಾಲೆಯ ಮುಖ್ಯಸ್ಥೆ, ದನಿ ಏರಿಸಿರಲಿಲ್ಲ, ಬೈದಿದ್ದರೆ ಎಷ್ಟೋ ವಾಸಿ ಇತ್ತು, ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಶಾಮಲಮ್ಮ ಟೀಚರ್ ಬೈದು ಕಿವಿ ಹಿಂಡಿ ಮರುಗಳಿಗೆಯಲ್ಲೇ ಮರೆತುಬಿಡುತ್ತಿದ್ದರು, ಇಲ್ಲಿ ಹಾಗಲ್ಲ, ಇಲ್ಲಿ ನಗುತ್ತಲೇ ಬರೆದಿಟ್ಟುಕೊಳ್ಳುತ್ತಾರೆ. ಐರ್ಲೆಂಡಿನ ಈ ಸಣ್ಣ ಊರಿಗೆ, ಈ ವಿಶೇಷ ಮಕ್ಕಳ ಶಾಲೆಗೆ ಒಂದು ವರ್ಷದ ಸ್ವಯಂಸೇವಕಿಯಾಗಿ ಬಂದು ಇವತ್ತಿಗೆ ಹದಿನೇಳು ದಿನ, ಈಗೀಗ ತಾನೇ ಕೈಕಾಲು ಒಗ್ಗುತ್ತಿದ್ದವು — ಯಾರದೋ ಹಳೆಯ ಬೂಟು ಕಾಲಿಗೆ ಸರಿಯಾಗಿ ಕೂತಿತ್ತು, ಬೆಳಗಿನ ತಣ್ಣನೆ ಬ್ರೆಡ್ಡು ಗಂಟಲಲ್ಲಿ ಇಳಿಯತೊಡಗಿತ್ತು, ಸೂಟ್‌ಕೇಸಿನ ರಾಗಿಹಿಟ್ಟಿನಲ್ಲಿ ಮೊನ್ನೆ ಭಾನುವಾರ ಮುದ್ದೆ ಕಟ್ಟಿದಾಗ ಉಳಿದ ಸ್ವಯಂಸೇವಕಿಯರು ಸುತ್ತ ನಿಂತು ಇದೇನು ಮಣ್ಣೇ ಎಂದು ಕೇಳಿ, ಆಮೇಲೆ ಎರಡೆರಡು ತುತ್ತು ನುಂಗಿ, ಇನ್ನೊಂಚೂರು ಕೊಡು ಎಂದಿದ್ದರು. ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ಅವಳು ಇನ್ನೂ ಬಿಚ್ಚಿಲ್ಲ, ಅದರ ಬಾಯಿಗೆ ಅಮ್ಮ ಬಟ್ಟೆ ಬಿಗಿದು ಗಂಟು ಹಾಕಿ, ಆ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ್ದಾಳೆ.

ಇಲ್ಲಿಯ ನಿಯಮ ಒಂದೇ, ಮೊದಲ ದಿನವೇ ಮೂರು ಸಲ ಹೇಳಿದ್ದರು, ಮಗುವನ್ನು ನೀನು ಹಿಡಿಯಬೇಡ, ನಿನ್ನ ಅಂಗೈ ತೆರೆದಿಡು, ಮಗು ಬಂದು ಹಿಡಿಯಲಿ, ಕಟ್ಟುವುದು ಎಂಬ ಮಾತೇ ಈ ಶಾಲೆಯಲ್ಲಿ ಇಲ್ಲ, ಅವಳು ಗೋಣು ಆಡಿಸಿದ್ದಳು, ಆಡಿಸದೆ ಏನು ಮಾಡುವುದು. ಓರ್ಲಾಗೆ ಒಂಬತ್ತು ವರ್ಷ, ಮಾತಿಲ್ಲ, ಕತ್ತಿನಲ್ಲಿ ಚಿತ್ರದ ಕಾರ್ಡುಗಳ ಗೊಂಚಲು, ನೀರಿನ ಚಿತ್ರದ ಕಾರ್ಡು ಮಾತ್ರ ತೋರಿಸಿ ತೋರಿಸಿ ಸವೆದುಹೋಗಿದೆ, ಎಲ್ಲಿ ನೀರಿನ ಸದ್ದು ಕೇಳಿದರೂ ಅವಳ ಕತ್ತು ಅತ್ತಲೇ ತಿರುಗುತ್ತದೆ — ಗಂಗಕ್ಕನ ಕತ್ತೂ ಹೀಗೇ, ಬೇಡ, ಅದು ಬೇಡ ಈಗ. ನಿನ್ನೆ ಕೆರೆಯ ಕಡೆ ವಾಕಿಂಗು, ಎಂಟು ಮಕ್ಕಳು, ಓರ್ಲಾ ಅವಳ ಪಾಲಿಗೆ, ಮೊದಮೊದಲು ಅಂಗೈಯೊಳಗೆ ಎರಡು ಬೆರಳಿಟ್ಟುಕೊಂಡು ಚೆನ್ನಾಗಿಯೇ ಬಂದಳು, ಆಮೇಲೆ ಮರಗಳ ಸಂದಿಯಲ್ಲಿ ನೀರು ಫಳ್ ಎಂದಿತು, ಬೆರಳು ಜಾರಿದವು, ಹೆಜ್ಜೆ ಜೋರಾಯಿತು, ಅಷ್ಟೇ ಗೊತ್ತು ಪವಿತ್ರಳಿಗೆ, ದೇವರಾಣೆ ಅಷ್ಟೇ ಗೊತ್ತು. ಮತ್ತೆ ನೋಡಿಕೊಂಡಾಗ ಅವಳ ದುಪಟ್ಟ ಓರ್ಲಾಳ ಸೊಂಟಕ್ಕೆ ಸುತ್ತಿತ್ತು, ಇನ್ನೊಂದು ತುದಿ ಅವಳದೇ ಮಣಿಕಟ್ಟಿನಲ್ಲಿತ್ತು, ನಡುವೆ ಗಂಟು, ಕೈಗಳು ಅವಳನ್ನು ಕೇಳದೆಯೇ ಕಟ್ಟಿಬಿಟ್ಟಿದ್ದವು. ಬ್ರಿಜಿಡ್ ಮೇಡಂ ಓಡಿ ಬಂದು ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ ಬಿಚ್ಚಲು ನೋಡಿದರು, ಎಳೆದಷ್ಟೂ ಅದು ಬಿಗಿಯಿತು, ಉಗುರು ಹಾಕಿದರು, ಹಲ್ಲು ಹಾಕಿದರು, ಓರ್ಲಾ ಕೆರೆಯನ್ನೇ ನೋಡುತ್ತಾ ನಿಂತಿದ್ದಳು, ಕೊನೆಗೆ ಪವಿತ್ರ ಬಾಗಿ ಮಡಿಕೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು, ಒಂದೇ ಒತ್ತು, ಗಂಟು ತೆರೆದುಕೊಂಡಿತು. ಮೇಡಂ ತಲೆಯೆತ್ತಿ ಅವಳ ಕೈ ನೋಡಿದರು, ಈ ಗಂಟು ನಿನಗೆ ಯಾರು ಕಲಿಸಿದರು, ಇಂಥ ಮಕ್ಕಳ ಜೊತೆ ಹಿಂದೆ ಇದ್ದೆಯಾ ಎಂಬ ಪ್ರಶ್ನೆಗೆ ಇಲ್ಲ ಅಂತಲ್ಲವೇ ನೀನು ಅರ್ಜಿಯಲ್ಲಿ ಬರೆದದ್ದು, ಎಂದರು.

ಇಲ್ಲ ಅಂತಲೇ ಬರೆದಿದ್ದಳು, ಮೂರಕ್ಷರವೂ ಇಲ್ಲದ ಮಾತು, ಬರೆಯಲು ಅರ್ಧ ದಿನ ಹಿಡಿದಿತ್ತು. ಕಲಿಸಿದ್ದು ಅಪ್ಪ, ಮುನಿಯಲ್ಲಪ್ಪ, ಕರುವಿಗೆ ಹಾಕುವ ಗಂಟಿದು, ನೋಡಮ್ಮಿ, ಎಷ್ಟ್ ಎಳುದ್ರೂ ಕತ್ತು ಬಿಗಿಯಲ್ಲ, ಬಿಚ್ಕೊಳ್ಳೋದೂ ಇಲ್ಲ, ಇಲ್ಲಿ ಹೆಬ್ಬೆಟ್ಟು ಇಟ್ಟು ಒತ್ತಬೇಕು, ಅಷ್ಟೇಯಾ. ಮಾವಿನ ಕಾಲದಲ್ಲಿ ಅವರ ಮನೆ ತೋಪಿಗೇ ಎದ್ದು ಬರುತ್ತಿತ್ತು, ಕಾವಲಿಗೆ ಹಾಕಿದ ಗುಡಿಸಲು, ಮೂರು ಕಲ್ಲಿನ ಒಲೆ, ತೋತಾಪುರಿ ಕೀಳುವ ದಿನ ಅಮ್ಮ, ಅಪ್ಪ, ಕೂಲಿಯವರೆಲ್ಲ ದೋಟಿ ಹಿಡಿದು ತೋಪಿನ ಆ ತುದಿಗೆ ಹೋಗಬೇಕು, ಗಂಗಕ್ಕನನ್ನು ಯಾರು ನೋಡುವುದು, ಹದಿನಾಲ್ಕು ವರ್ಷದ ಹುಡುಗಿ, ಮಾತಿಲ್ಲ, ಬುದ್ಧಿ ಬೆಳೆದಿಲ್ಲ, ಕಾಲು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಅಮ್ಮ ತನ್ನ ಹಳೆಯ ಹಸಿರು ಸೀರೆಯನ್ನು ಹೊಸೆದು, ಒಂದು ತುದಿ ಮರಕ್ಕೆ, ಒಂದು ತುದಿ ಅಕ್ಕನ ಸೊಂಟಕ್ಕೆ, ನೆರಳು ಸುತ್ತಿದ ಹಾಗೆಲ್ಲ ಅಕ್ಕನೂ ಸುತ್ತಲಿ ಎಂದು ಉದ್ದ ಬಿಟ್ಟು ಅದೇ ಗಂಟು ಹಾಕಿ ಕಟ್ಟುತ್ತಿದ್ದಳು, ಕಟ್ಟಿ ಹಣೆಗೆ ಮುತ್ತಿಟ್ಟು, ಇಕ್ಕಡೇ ಉಂಡು ತಲ್ಲಿ, ಇಲ್ಲೇ ಇರು ಬಂಗಾರು, ಎನ್ನುತ್ತಿದ್ದಳು, ನಮ್ಮ ಕಡೆ ಮುದ್ದು ಬಂದರೆ ತೆಲುಗೂ ಜೊತೆಯಲ್ಲೇ ಬರುತ್ತದೆ. ಅದು ಕ್ರೌರ್ಯವೇ, ಮೇಡಂ? ತೊಗಟೆಯಲ್ಲಿ ಸೀರೆ ಉಜ್ಜಿ ಉಜ್ಜಿ ಬಳೆಯಂಥ ಗುರುತು ಬಿದ್ದಿತ್ತು, ಮೂರು ಸುಗ್ಗಿ ಅಕ್ಕ ಆ ಮರದ ಕೆಳಗೆ ಎಲೆ ಹರಿದುಕೊಂಡು ನಗುತ್ತಾ ಬದುಕಿದ್ದಳು, ಬದುಕಿದ್ದಳು. ಆ ದಿನ ಮೋಟರು ಹಾಕಿದ್ದರು, ತೋಪಿನ ಮೂಲೆಯ ಕೃಷಿ ಹೊಂಡಕ್ಕೆ ನೀರು ಧೋ ಎಂದು ಬೀಳುತ್ತಿತ್ತು, ಅಕ್ಕ ಅತ್ತ ಎಳೆದಳು, ಎಳೆದಳು, ಸೊಂಟ ಕೆಂಪಗಾಗಿತ್ತು, ಒಂಬತ್ತು ವರ್ಷದ ಪವಿತ್ರ ಆ ಕೆಂಪನ್ನು ನೋಡಲಾರದೆ, ಐದೇ ನಿಮಿಷ ಕಣೇ ಅಕ್ಕ, ಎಂದು ಹೆಬ್ಬೆರಳಿಟ್ಟು ಒತ್ತಿದಳು. ಅಷ್ಟರಲ್ಲಿ ರಸ್ತೆಯಲ್ಲಿ ಐಸ್‌ಕ್ಯಾಂಡಿಯವನ ಹಾರನ್ನು, ಪೊಂಯ್ ಪೊಂಯ್, ಎರಡು ಮಾವಿನಕಾಯಿ ಕೊಟ್ಟರೆ ಎರಡು ಕ್ಯಾಂಡಿ ಕೊಡುತ್ತಿದ್ದ, ಇಲ್ಲೇ ಕೂತ್ಕೊ, ನಿಂಗೆ ಕೆಂಪಗಿರೋದು ತರ್ತೀನಿ, ಅಕ್ಕ ನಿಜಕ್ಕೂ ಕೂತಳು, ಕೂತದ್ದನ್ನು ನೋಡಿಯೇ ಅವಳು ಓಡಿದ್ದು. ವಾಪಸ್ಸು ಬಂದಾಗ ಒಣಗಿದೆಲೆಯ ಮೇಲೆ ಹಸಿರು ಸೀರೆಯ ತುದಿ, ಇನ್ನೂ ಸೊಂಟದಷ್ಟೇ ದುಂಡಗೆ, ಒಳಗೆ ಯಾರೂ ಇಲ್ಲ.

ಹೊಂಡಕ್ಕೆ ಹಾಸಿದ್ದ ಕರಿ ಪ್ಲಾಸ್ಟಿಕ್ಕು ಜಾರುತ್ತದೆ, ಇಳಿದವರು ಹತ್ತಲಾರರು, ದೊಡ್ಡವರಿಗೇ ಆಗುವುದಿಲ್ಲ, ಜನ ಸೇರಿದರು, ಯಾರೋ ಹಗ್ಗ ಹಿಡಿದು ಇಳಿದರು, ಯಾರೋ ಅವಳ ಕಣ್ಣು ಮುಚ್ಚಿದರು, ಬೆರಳ ಸಂದಿಯಿಂದ ಎಲ್ಲವೂ ಕಂಡಿತು. ಗಂಟು ಸಡಿಲ ಆಗೈತೆ ಕಣಮ್ಮ ಕದಿರಮ್ಮ, ಅವಸರದಾಗೆ ಕಟ್ಟಿದ್ಯೇನೋ, ಎಂದಿತು ಯಾವುದೋ ಹೆಂಗಸಿನ ಬಾಯಿ, ಅಮ್ಮ ಆ ಮಾತನ್ನು ಹಿಡಿದುಕೊಂಡಳು, ಹದಿಮೂರು ವರ್ಷವಾದರೂ ಬಿಟ್ಟಿಲ್ಲ. ಅಪ್ಪನಿಗೆ ಗೊತ್ತಿರಲೇಬೇಕು, ಆ ಗಂಟು ತಾನಾಗಿ ಬಿಚ್ಚಿಕೊಳ್ಳುವ ಗಂಟೇ ಅಲ್ಲ, ಅಪ್ಪ ಮಗಳ ಕೈಯ ಕಡೆ ನೋಡುವುದನ್ನು ಬಿಟ್ಟುಬಿಟ್ಟ. ಅವತ್ತಿನಿಂದ ಅಮ್ಮ ಕಟ್ಟಿದ್ದೆಲ್ಲ ಎರಡು ಗಂಟು, ಸೊಪ್ಪಿನ ಕಟ್ಟು, ಕರುವಿನ ಹಗ್ಗ, ಕನಕಾಂಬರದ ಒಂದೊಂದು ಹೂವಿಗೂ ಎರಡೆರಡು, ನಿನ್ ಮೊಳಕ್ಕೆ ನೂಲು ದುಪ್ಪಟ್ಟು ಬೇಕಲ್ಲೇ ಎಂದು ನಗುತ್ತಿದ್ದ ಪಕ್ಕದ ಮನೆಯ ಮುನಿಯಲ್ಲಮ್ಮನಿಗೂ ಕೊನೆಗೆ ನಗು ನಿಂತುಹೋಯಿತು. ಹೇಳಬೇಕು, ನಾಳೆ ಹೇಳಬೇಕು, ಹತ್ತನೇ ಕ್ಲಾಸು ಮುಗಿಯಲಿ, ಕೋಲಾರದಲ್ಲಿ ಡಿಗ್ರಿ ಮುಗಿಯಲಿ — ಹೇಳುವ ಬದಲು ಸಮುದ್ರ ದಾಟಿ ಓರ್ಲಾಳ ಬೂಟಿಗೆ ಲೇಸು ಕಟ್ಟಲು ಬಂದಳು, ಪುಣ್ಯ ಕಟ್ಟಿಕೊಳ್ಳುವ ಹೆಣ್ಣು ಎಂದು ಊರೆಲ್ಲ ಹೊಗಳಿತು, ನಾಚಿಕೆಯಾಗಬೇಕು. ಮೇಡಂಗೆ ಏನಾದರೂ ಹೇಳಬಹುದು, ಭಯವಾಯಿತು, ನಿಯಮ ಮರೆತುಹೋಯಿತು, ಇನ್ನೊಮ್ಮೆ ಮಾಡುವುದಿಲ್ಲ, ಹಾಗೆ ಹೇಳಿದರೆ ಇಲ್ಲೇ ಇಟ್ಟುಕೊಳ್ಳಬಹುದು, ನಿಜ ಹೇಳಿದರೆ ಯಾರು ತಾನೇ ಮತ್ತೆ ನೀರಿನ ಹತ್ತಿರ ಮಗುವನ್ನು ಕೊಡುತ್ತಾರೆ, ಟಿಕೆಟ್ಟು ಕೈಗಿಟ್ಟು ಕಳಿಸುತ್ತಾರೆ, ನಾಳೆ ಓರ್ಲಾ ಬೇರೆ ಯಾರದೋ ಅಂಗೈಗೆ ಆ ಎರಡು ಬೆರಳು ಇಡುತ್ತಾಳೆ — ತೊಡೆಯ ಮೇಲೆ ಫೋನು ನಡುಗುತ್ತದೆ, ಅಮ್ಮ, ಅಲ್ಲಿ ಮಧ್ಯಾಹ್ನ ಇಳಿದಿದೆ, ಪರದೆಯ ತುಂಬ ಮೊದಲು ಕನಕಾಂಬರ, ಆಮೇಲೆ ಮುಖ, ತಿನ್ನಾವಾ ಪಾಪ, ತಿಂದ್ಯಾ, ಉಪ್ಪಿನ್ಕಾಯಿ ತೆಗುದ್ಯಾ, ಆ ಮಾತಿಲ್ದಿರೋ ಮಗು ಹೆಂಗವ್ಳೆ, ಎನ್ನುತ್ತಾಳೆ, ಬೆರಳುಗಳು ನಿಲ್ಲದೆ ಹೂವಿಗೆ ಎರಡು ಗಂಟು ಹಾಕುತ್ತಿವೆ, ನೀರ್ ಅಂದ್ರೆ ಓಡ್ತಾಳೆ ಅಂದಿದ್ಯಲ್ಲ, ಹುಷಾರು ಕಣಮ್ಮಿ, ನಾನ್ ಮಾಡ್ದಂಗೆ ಮಾಡ್ಬೇಡ, ನಾನು ಪಾಪಿ, ಒಂದ್ ಗಂಟು ಬಿಗಿಯಾಗಿ ಹಾಕಿದ್ರೆ ನಿಮ್ಮಕ್ಕ ಇವತ್ತು — ಅಮ್ಮ, ಎನ್ನುತ್ತದೆ ಪವಿತ್ರಳ ಬಾಯಿ, ನಿನ್ನೆ ಕೈಗಳು ಕೇಳಲಿಲ್ಲ, ಇವತ್ತು ಬಾಯಿ ಕೇಳಲಿಲ್ಲ, ಅಮ್ಮ, ನಿನ್ ಗಂಟು ಸಡಿಲ ಇರ್ಲಿಲ್ಲ, ನಾನೇ ಬಿಚ್ಚಿದ್ದು. ಅಮ್ಮನ ಬೆರಳು ನಿಲ್ಲುತ್ತವೆ, ಅರ್ಧ ಹಾಕಿದ ಗಂಟು ನೂಲಿನಲ್ಲಿ ಹಾಗೇ ಇದೆ, ಏನಂದೆ, ಎನ್ನುತ್ತಾಳೆ ಅಮ್ಮ, ಬಾಗಿಲು ತೆರೆಯುತ್ತದೆ, ಪವಿತ್ರ, ಒಳಗೆ ಬಾ, ಎನ್ನುತ್ತಾರೆ ಬ್ರಿಜಿಡ್ ಮೇಡಂ, ಏನಂದೆ ಅಮ್ಮಿ, ಹಸಿರು ಕೋಟಿನ ತೋಳಿನಿಂದ ಒಂದು ಹನಿ, ಟಕ್, ಅವಳ ಎರಡೂ ಕೈಯಲ್ಲಿ ಕ್ಯಾಂಡಿ ಕರಗುತ್ತಿದೆ, ಕೆಂಪು ನೀರು ಮೊಣಕೈವರೆಗೆ ಇಳಿಯುತ್ತಿದೆ, ಒಣಗಿದೆಲೆಯ ಮೇಲೆ ಹಸಿರು ಸೀರೆ, ಇನ್ನೂ ಸೊಂಟದಷ್ಟೇ ದುಂಡಗೆ, ದುಂಡಗೆ, ಒಳಗೆ